ಇದರ ಬಾಯಿ ಮುಚ್ಚಸಾಕ ಬರಂಗಿಲ್ಲೇನು?

ಹೋದ ವರ್ಷ ಹೊಸ ಕಾರು ತಗೊಂಡ ಮೇಲೆ ಅಪ್ಪ ಅಮ್ಮನನ್ನು ಕೂರಿಸಿಕೊಂಡು ಪುಣೆಯಿಂದ ಧಾರವಾಡಕ್ಕೆ ಹೊರಟಿದ್ದೆ. ಕೋಥ್ರೂಡಿನ ಮನೆಯ ಗೇಟಿನಲ್ಲೇ ಸದ್ದು ಶುರುವಾಯಿತು. ಅಪ್ಪ ಇನ್ನೂ ಹತ್ತಿರಲಿಲ್ಲ. ಮುಂದಿನ ಸೀಟಿನಲ್ಲಿ ಅಮ್ಮನ ಬುತ್ತಿಯ ಚೀಲ ಇತ್ತು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎರಡು ದೊಡ್ಡ ನೀರಿನ ಬಾಟಲಿ. ಸೀಟಿನೊಳಗಿನ ಸೆನ್ಸರಿಗೆ ಭಾರ ಗೊತ್ತಾಗುತ್ತದೆ, ಯಾರ ಭಾರ ಅಂತ ಗೊತ್ತಾಗುವುದಿಲ್ಲ. ಬೆಲ್ಟ್ ಹಾಕಿಲ್ಲ ಎಂದು ಕೂಗತೊಡಗಿತು. ಚೀಲ ಹಿಂದೆ ಹೋಯಿತು, ಅಪ್ಪ ಮುಂದೆ ಕೂತರು. ನವಲೆ ಬ್ರಿಜ್ ದಾಟಿ ಏರು ಹತ್ತುವಾಗ ಒಂದು ಟ್ಯಾಂಕರ್ ತಪ್ಪಿಸಲು ಪಕ್ಕಕ್ಕೆ ಸರಿದೆ. ಗೆರೆ ದಾಟಿದಿರಿ ಎಂದು ಇನ್ನೊಂದು ಸದ್ದು. ಕಾತ್ರಜದ ಹೊಸ ಸುರಂಗ ದಾಟಿ ಇಳಿಜಾರಿನಲ್ಲಿ ವೇಗ 80 ಮುಟ್ಟಿತು. ಅದಕ್ಕೊಂದು ಸದ್ದು. ಖೇಡ್ ಶಿವಾಪುರದ ಟೋಲ್ ಹತ್ತಿರ ಅಪ್ಪ ಹಿಂದಿನಿಂದ ಕನ್ನಡಕದ ಡಬ್ಬಿ ತಗೊಳ್ಳಲು ಬೆಲ್ಟ್ ಬಿಚ್ಚಿದರು. ಮತ್ತೆ ಸದ್ದು. ಅಪ್ಪ ಡಬ್ಬಿ ಬಿಟ್ಟು ನನ್ನ ಮುಖ ನೋಡಿದರು. "ಏನವಾ, ಇದರ ಬಾಯಿ ಮುಚ್ಚಸಾಕ ಬರಂಗಿಲ್ಲೇನು?"

ಬರುತ್ತದೆ. ಸಣ್ಣದೊಂದು ಕಬ್ಬಿಣದ ನಾಲಿಗೆ ಸಿಗುತ್ತದೆ. ಬೆಲ್ಟಿನ ಬದಲು ಅದನ್ನು ಬಕಲ್ ಒಳಗೆ ಸಿಕ್ಕಿಸಿದರೆ ಸಾಕು, ಕಾರು ಸುಮ್ಮನಾಗುತ್ತದೆ. ಅಪ್ಪನಿಗೆ ಇದನ್ನು ಹೇಳಲಿಲ್ಲ. ಆದರೆ ಅವರ ಪ್ರಶ್ನೆ ಮಾತ್ರ ನಿಪ್ಪಾಣಿ ದಾಟಿದರೂ ತಲೆಯಿಂದ ಹೋಗಲಿಲ್ಲ. ಯಾಕೆಂದರೆ ನನಗೂ ಕಿರಿಕಿರಿಯಾಗಿತ್ತು. ನನ್ನನ್ನು ಕಾಯಲೆಂದೇ ಇಟ್ಟ ವಸ್ತುಗಳ ಮೇಲೆ ನನಗೆ ಸಿಟ್ಟು ಬರುತ್ತಿದೆಯಲ್ಲ, ಇದು ಸರಿಯಾ? ಈ ಸಿಟ್ಟು ನನ್ನದೊಬ್ಬಳದೇನಾ?

ಇಂಡಿ ತಾಲೂಕಿನ ಡ್ರೈವರ್

ಕೆಲ ತಿಂಗಳ ಹಿಂದೆ ಮುಂಬೈಯ ಮಾಟುಂಗಾದಲ್ಲಿ ಒಂದು ಮದುವೆಗೆ ಹೋಗಿದ್ದೆ. ವಾಪಸ್ ಪುಣೆಗೆ ಕ್ಯಾಬ್ ಮಾಡಿಕೊಂಡೆ. ಘಾಟಿನಲ್ಲಿ ಹಿಂದೆ ಕೂತರೆ ನನಗೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ಮುಂದೆ ಕೂತೆ. ಬೆಲ್ಟ್ ಎಳೆದು ಬಕಲ್ ಹುಡುಕಿದರೆ ಅದರಲ್ಲಿ ಆಗಲೇ ಆ ಕಬ್ಬಿಣದ ನಾಲಿಗೆಯ ಕ್ಲಿಪ್ ಇತ್ತು. ಡ್ರೈವರ್ ಕಡೆಯ ಬಕಲ್ಲಿನಲ್ಲೂ ಇತ್ತು. ನಾನು ಮನೆಗೆ ಫೋನ್ ಮಾಡಿ ಮಾತಾಡಿದ್ದು ಕೇಳಿಸಿಕೊಂಡ ಅವರು, "ಅಕ್ಕಾರ, ಕನ್ನಡದವ್ರೇನ್ರಿ ನೀವು?" ಅಂದರು. ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನವರಂತೆ. ಪಿಂಪರಿಯಲ್ಲಿ ಮನೆ ಮಾಡಿ ಒಂಬತ್ತು ವರ್ಷವಾಗಿದೆ. ಮಾತು ಶುರುವಾಯಿತು.

ಕ್ಲಿಪ್ ಬಗ್ಗೆ ಕೇಳಿದೆ. ಅವರಿಗೆ ಸಂಕೋಚವೇನೂ ಆಗಲಿಲ್ಲ. "ದಿನಕ್ಕ ನಲವತ್ತು ಸಲ ಇಳೀತೇನ್ರಿ, ಹತ್ತತೇನ್ರಿ. ಡಿಕ್ಕಿ ತಗೀಬೇಕು, ಬ್ಯಾಗ್ ಇಡಬೇಕು, ಗಲ್ಯಾಗ ಗಾಡಿ ನಾಕು ಮಾರು ಮುಂದ ತಗೋಬೇಕು. ಪ್ರತಿ ಸಲಾನೂ ಅದು ಒದರಿದ್ರ ತಲಿ ಕೆಡತೈತಿ." ನಾನು ವಾದ ಮಾಡಲು ಬಾಯಿ ತೆರೆದವಳು ಸುಮ್ಮನಾದೆ. ನಾಲ್ಕು ಮಾರು ಗಾಡಿ ಸರಿಸುವಾಗ ಬೆಲ್ಟ್ ಬೇಕೇ ಬೇಕು ಅಂತ ನನಗೂ ಅನ್ನಿಸುವುದಿಲ್ಲ. ಆದರೆ ಕ್ಲಿಪ್ಪಿಗೆ ಗಲ್ಲಿ ಯಾವುದು ಹೆದ್ದಾರಿ ಯಾವುದು ಅಂತ ಗೊತ್ತಿಲ್ಲ. ಒಮ್ಮೆ ಸಿಕ್ಕಿಸಿದರೆ ಎಲ್ಲ ಕಡೆಯೂ ಬಾಯಿ ಮುಚ್ಚಿಸಿಬಿಡುತ್ತದೆ.

ಕಳಂಬೋಲಿಯಲ್ಲಿ ಎಕ್ಸ್‌ಪ್ರೆಸ್‌ವೇ ಹತ್ತುವ ಮುಂಚೆ ಅವರು ಕ್ಲಿಪ್ ಕಿತ್ತು ಬೆಲ್ಟ್ ಹಾಕಿಕೊಂಡರು. "ಇಲ್ಲಿ ಕ್ಯಾಮೆರಾ ಅದಾವ್ರಿ" ಅಂದರು. ಕಳಂಬೋಲಿಯಿಂದ ಕಿವಳೆ ತನಕ ಸುಮಾರು 94 ಕಿ.ಮೀ. ಅಷ್ಟು ದೂರ ಮಾತ್ರ ಬೆಲ್ಟ್. ಕಾರಿನ ಸದ್ದಿಗೆ ಬಗ್ಗದವರು ಕಂಬದ ಮೇಲೆ ಸುಮ್ಮನೆ ಕೂತ ಕ್ಯಾಮೆರಾಗೆ ಬಗ್ಗಿದರು. ಬೆಲ್ಟ್ ಹಾಕದಿದ್ದರೆ 1000 ರೂಪಾಯಿ ದಂಡ. ಅವರಿಗೆ ಅದು ಒಂದು ದಿನದ ಡೀಸೆಲ್ ದುಡ್ಡಿನ ಹತ್ತಿರ ಹತ್ತಿರ.

ಘಾಟಿನಲ್ಲಿ ಎಂದಿನಂತೆ ಜಾಮ್ ಆಗಿತ್ತು. ಆಗ ನಾನು ಕೇಳಿದೆ, ಗಾಡಿಯಲ್ಲಿ ನಿಮಗೆ ಇಷ್ಟವಾದದ್ದು ಏನೂ ಇಲ್ಲವಾ ಅಂತ. ತಡ ಮಾಡದೆ ಹೇಳಿದರು: ರಿವರ್ಸ್ ಸೆನ್ಸರ್. "ಅದೂ ಒದರತೈತಿ, ಆದ್ರ ಅವಶ್ಯ ಇದ್ದಾಗಷ್ಟ ಒದರತೈತ್ರಿ. ಹತ್ರ ಹೋದಂಗ ಜೋರ್ ಆಗತೈತಿ, ದೂರ ಬಂದ್ರ ಸುಮ್ನಾಗತೈತಿ." ಅವರಿಗೆ ಆಗದೇ ಇರುವುದು ಸ್ಪೀಡ್ ಗವರ್ನರ್. ಬಾಡಿಗೆ ಗಾಡಿಗಳಿಗೆ 80ಕ್ಕಿಂತ ಮೇಲೆ ಹೋಗದ ಹಾಗೆ ಕಟ್ಟು ಹಾಕಿರುತ್ತಾರೆ. "ಲಾರಿ ಓವರ್‌ಟೇಕ್ ಮಾಡಾಕ ಅರ್ಧಕ್ಕ ಬಂದಿರತೀವಿ, ಅಲ್ಲೇ ದಮ್ ಹೋಗತೈತಿ. ಮುಂದ ಹೋಗಾಕ ಆಗಂಗಿಲ್ಲ, ಹಿಂದ ಸರಿಯಾಕ ಆಗಂಗಿಲ್ಲ." ಇದನ್ನು ಹೇಳುವಾಗ ಅವರ ದನಿ ಬದಲಾಗಿತ್ತು. ಬೆಲ್ಟಿನ ಸದ್ದಿನ ಬಗ್ಗೆ ಹೇಳುವಾಗ ಬರೀ ಬೇಜಾರಿತ್ತು, ಇಲ್ಲಿ ಭಯ ಇತ್ತು. ಇವೆರಡನ್ನೂ ನಾವು 'ಕಿರಿಕಿರಿ' ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಬೇರೆ ಬೇರೆ ಮಾಡಿ ನೋಡಬೇಕು ಅನ್ನಿಸಿದ್ದು ಆವತ್ತೇ.

ನಾನೂ ನನಗೆ ಗೊತ್ತಿದ್ದ ಒಂದು ಮಾತು ಹೇಳಿದೆ. ಸ್ಟೀರಿಂಗ್ ಮೇಲೆ ಏರ್‌ಬ್ಯಾಗಿನ ಗುರುತಾಗಿ ಎಸ್‌ಆರ್‌ಎಸ್ ಅಂತ ಬರೆದಿರುತ್ತದಲ್ಲ, ಅದರ ಮೊದಲ ಅಕ್ಷರದ ಅರ್ಥ 'ಜೊತೆಗೆ ಇರುವುದು' ಅಂತ. ಏರ್‌ಬ್ಯಾಗ್ ಇರುವುದು ಬೆಲ್ಟಿನ ಜೊತೆಗೆ ಕೆಲಸ ಮಾಡಲು, ಅದರ ಬದಲಿಗೆ ಅಲ್ಲ. ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಅದು ಉಬ್ಬಿ ಬರುತ್ತದೆ. ಬೆಲ್ಟ್ ಎದೆಯನ್ನು ಹಿಂದೆ ಹಿಡಿದಿದ್ದರೆ ಅದು ಮೆತ್ತೆ. ಹಿಡಿಯದಿದ್ದರೆ ನಾವು ಮುಂದೆ ನುಗ್ಗುತ್ತಿರುತ್ತೇವೆ, ಅದು ಎದುರಿಗೆ ನುಗ್ಗುತ್ತಿರುತ್ತದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಇದನ್ನ ಯಾರೂ ಹೇಳಿರಲಿಲ್ರಿ" ಅಂದರು.

ಮಾತಾಡದೆ ಕಾಯುವವು

ಯಾರೂ ಹೇಳಿರಲಿಲ್ಲ ಎಂಬ ಮಾತು ನನ್ನನ್ನು 2018ರ ಜುಲೈಗೆ ಕರೆದುಕೊಂಡು ಹೋಯಿತು. ಆಗಿನ ನಮ್ಮ ಕಾರು ಸಣ್ಣದು, ಆದರೆ ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ನೋಡಿಕೊಳ್ಳುವ ಎಬಿಎಸ್ ಇತ್ತು. ಎಲ್ಲ ಕಾರಿಗೂ ಅದು ಕಡ್ಡಾಯವಾದದ್ದು 2019ರ ಏಪ್ರಿಲ್‌ನಲ್ಲಿ. ನಾವು ಅದಕ್ಕೂ ಮೊದಲೇ ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟು ತಗೊಂಡಿದ್ದೆವು. ಧಾರವಾಡದಿಂದ ವಾಪಸ್ ಬರುತ್ತಿದ್ದೆವು. ಖಂಬಾಟಕಿ ಸುರಂಗದಿಂದ ಹೊರಗೆ ಬಂದರೆ ಪುಣೆ ಕಡೆಗೆ ಇಳಿಜಾರು, ಅದರಲ್ಲೇ ಎಸ್ ಆಕಾರದ ತಿರುವು. ಆ ರಸ್ತೆಯಲ್ಲಿ ಓಡಾಡುವವರಿಗೆ ಆ ತಿರುವು ಎಂಥದ್ದು ಅಂತ ಹೇಳಬೇಕಾಗಿಲ್ಲ. ಜೋರು ಮಳೆ. ಮುಂದಿದ್ದ ಟೆಂಪೋ ಒಮ್ಮೆಲೇ ಅಡ್ಡ ತಿರುಗಿತು. ನಾನು ಬ್ರೇಕ್ ಮೇಲೆ ಕಾಲು ಊರಿದೆ. ಪೆಡಲ್ ಗಡಗಡ ಅಂತ ಕಾಲನ್ನು ವಾಪಸ್ ಒದೆಯಿತು. ಕೆಳಗೆ ಏನೋ ಮುರಿದ ಹಾಗೆ ಸದ್ದು. ಬ್ರೇಕ್ ಕೆಟ್ಟಿತು ಅಂದುಕೊಂಡೆ. ಹೆದರಿ ಕಾಲು ಎತ್ತಿಬಿಟ್ಟೆ.

ಎಷ್ಟು ಹೊತ್ತು ಎತ್ತಿದ್ದೆನೋ, ಅರ್ಧ ಸೆಕೆಂಡೋ ಒಂದೋ. ಪಕ್ಕದಲ್ಲಿದ್ದ ನಮ್ಮವರು "ಒತ್ತು! ಬಿಡಬೇಡ!" ಅಂತ ಕೂಗಿದರು. ಮತ್ತೆ ಒತ್ತಿದೆ. ಪೆಡಲ್ ನಡುಗುತ್ತಲೇ ಇತ್ತು, ಸ್ಟೀರಿಂಗ್ ಮಾತ್ರ ಹೇಳಿದ ಹಾಗೆ ಕೇಳುತ್ತಿತ್ತು. ಟೆಂಪೋದ ಎಡಕ್ಕೆ ತಿರುಗಿಸಿ ನಿಲ್ಲಿಸಿದಾಗ ನಮಗೂ ಅದಕ್ಕೂ ನಡುವೆ ಒಂದು ಗೇಣು ಜಾಗ ಇತ್ತು. ಟೆಂಪೋ ಹುಡುಗ ಇಳಿದು ಬಂದು ಮರಾಠಿಯಲ್ಲಿ ಏನೋ ಕೇಳಿದ. ನನಗೆ ಮಾತು ಹೊರಡಲಿಲ್ಲ. ಕೈ ಹತ್ತು ನಿಮಿಷ ನಡುಗಿತು.

ಆ ಗಡಗಡ ಎಂಬುದೇ ಎಬಿಎಸ್ ಕೆಲಸ ಮಾಡುವ ಸದ್ದು ಅಂತ ನನಗೆ ಗೊತ್ತಾದದ್ದು ಆಮೇಲೆ. ಒಂದೇ ಸಮ ಬ್ರೇಕ್ ಒತ್ತಿದರೆ ಒದ್ದೆ ರಸ್ತೆಯಲ್ಲಿ ಚಕ್ರ ಉರುಳುವುದು ಬಿಟ್ಟು ಜಾರತೊಡಗುತ್ತದೆ. ಜಾರುವ ಚಕ್ರ ಸ್ಟೀರಿಂಗ್ ಮಾತು ಕೇಳುವುದಿಲ್ಲ. ಚಕ್ರದ ಹತ್ತಿರ ಇರುವ ಸೆನ್ಸರ್ ಅದನ್ನು ಹಿಡಿದು, ಬ್ರೇಕನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿದು ಮಾಡುತ್ತದೆ. ಆ ಬಿಡುವ ಹಿಡಿಯುವ ನಡುಕವೇ ಕಾಲಿಗೆ ಬರುವುದು. ನಾವು ಮಾಡಬೇಕಾದದ್ದು ಇಷ್ಟೇ: ಗಟ್ಟಿಯಾಗಿ ಒತ್ತಿ ಹಿಡಿದು, ಎಲ್ಲಿಗೆ ಹೋಗಬೇಕೋ ಅಲ್ಲಿಗೆ ತಿರುಗಿಸುವುದು. ಹಳೇ ಕಾಲದ ಹಾಗೆ ಬಿಟ್ಟು ಬಿಟ್ಟು ಒತ್ತಬಾರದು. ಕಾರು ಕೊಡುವ ದಿನ ಶೋರೂಮಿನ ಹುಡುಗ ಮುಕ್ಕಾಲು ಗಂಟೆ ಕೂತು ಹೇಳಿಕೊಟ್ಟಿದ್ದ. ಫೋನ್ ಜೋಡಿಸುವುದು ಹೇಗೆ, ಹಾಡು ಹಾಕುವುದು ಹೇಗೆ ಅಂತ. ಜೀವ ಉಳಿಸುವ ಹೊತ್ತಿನಲ್ಲಿ ಕಾಲಿಗೆ ಏನು ಅನ್ನಿಸುತ್ತದೆ ಅಂತ ಒಂದು ಮಾತು ಹೇಳಲಿಲ್ಲ. ಇದು ನನಗೆ ಈಗಲೂ ಸಂಕಟದ ವಿಷಯ. ನನ್ನ ತಮ್ಮನಿಗೆ, ತಂಗಿ ಗಂಡನಿಗೆ, ಸೊಸೈಟಿಯಲ್ಲಿ ಹೊಸದಾಗಿ ಕಲಿತ ಎಲ್ಲರಿಗೂ ನಾನು ಹೇಳುತ್ತೇನೆ: ಯಾರೂ ಇಲ್ಲದ ಒದ್ದೆ ಮೈದಾನ ಹುಡುಕಿ, ಹಿಂದೆ ಮುಂದೆ ನೋಡಿಕೊಂಡು, ಸಣ್ಣ ವೇಗದಲ್ಲಿ ಒಮ್ಮೆ ಜೋರಾಗಿ ಬ್ರೇಕ್ ಒತ್ತಿ ನೋಡಿ. ಆ ಒದೆತ ಒಮ್ಮೆ ಕಾಲಿಗೆ ಪರಿಚಯವಾಗಿರಲಿ.

ಸುತ್ತಮುತ್ತ ಕೇಳಿ ನೋಡಿದರೆ, ಇಂಥ ಮೌನದ ವಸ್ತುಗಳ ಬಗ್ಗೆ ಯಾರಿಗೂ ದೂರಿಲ್ಲ. ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ಎರಡು ಮೂರು ಸೆಕೆಂಡ್ ಹಿಡಿಯುವ ಹಿಲ್ ಹೋಲ್ಡ್ ಅಂದರೆ ಎಲ್ಲರಿಗೂ ಪ್ರೀತಿ. ಶನಿವಾರ ಖಂಡಾಲಾ ಏರಿನ ಜಾಮಿನಲ್ಲಿ, ಹಿಂದಿನ ಬಸ್ ಬಂಪರಿಗೆ ಅಂಟಿಕೊಂಡು ನಿಂತಿರುವಾಗ, ಅದರ ಬೆಲೆ ಗೊತ್ತಾಗುತ್ತದೆ.

ಎಂಬತ್ತರ ಸದ್ದು, ಗೆರೆಯ ಸದ್ದು

ಮಾತಾಡುವ ವಸ್ತುಗಳ ಕಥೆ ಬೇರೆ. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ತಯಾರಾಗುವ ಪ್ರತಿ ಕಾರಿನಲ್ಲೂ ಮುಂದಿನ ಸೀಟುಗಳ ಬೆಲ್ಟ್ ಸದ್ದು, ರಿವರ್ಸ್ ಸೆನ್ಸರ್, ವೇಗದ ಸದ್ದು ಇರಲೇಬೇಕು. 80 ದಾಟಿದರೆ ಆಗಾಗ ಎಚ್ಚರಿಸುತ್ತದೆ, 120 ದಾಟಿದರೆ ನಿಲ್ಲಿಸುವುದೇ ಇಲ್ಲ. ಮೊದಲ ಎರಡಕ್ಕೆ ನನ್ನ ಪೂರ್ತಿ ಒಪ್ಪಿಗೆ. 120ರ ಸದ್ದಿಗೂ ಒಪ್ಪಿಗೆ. ಆದರೆ ಆ 80ರ ಸದ್ದು? ಎಕ್ಸ್‌ಪ್ರೆಸ್‌ವೇಯಲ್ಲಿ ಘಾಟಿನ ಭಾಗ ಬಿಟ್ಟರೆ ಕಾರಿಗೆ 100ರ ತನಕ ಹೋಗಲು ಕಾನೂನೇ ಬಿಡುತ್ತದೆ. ತಪ್ಪೇ ಮಾಡದಿದ್ದರೂ ಕಾರು ಗದರಿಸುತ್ತದೆ. ಕೋಥ್ರೂಡಿನ ಶಾಲೆಯ ಮುಂದೆ 50ರಲ್ಲಿ ಹೋದರೆ ಅದು ನಿಜವಾದ ತಪ್ಪು. ಅಲ್ಲಿ ಸುಮ್ಮನಿರುತ್ತದೆ. ಹೀಗೆ ನಾಲ್ಕು ಸಲ ಸುಮ್ನೆ ಬೈಸಿಕೊಂಡ ಮಗು ಐದನೇ ಸಲ ಕಿವಿಗೇ ಹಾಕಿಕೊಳ್ಳುವುದಿಲ್ಲ, ಅಲ್ವಾ? ನನಗೆ ಆಗಿದ್ದು ಅದೇ. ಮೂರು ತಿಂಗಳಲ್ಲಿ ಆ ಸದ್ದು ಕೇಳಿಸುವುದೇ ನಿಂತುಹೋಯಿತು. ಅದರ ಜೊತೆಗೆ ಬೇರೆ ಸದ್ದುಗಳೂ ಮಂಕಾದವು. ನನಗೆ ಹೆದರಿಕೆಯಾದದ್ದು ಇದಕ್ಕೆ.

ಹೊಸ ಕಾರಿನಲ್ಲಿ ಗಾಜಿನ ಹಿಂದೆ ಕ್ಯಾಮೆರಾ, ಬಂಪರಿನಲ್ಲಿ ರಡಾರ್ ಇದೆ. ಓಡಿಸುವವರಿಗೆ ನೆರವಾಗುವ ಈ ಏರ್ಪಾಟಿಗೆ ಎಡಾಸ್ ಅನ್ನುತ್ತಾರೆ ಎಲ್ಲರೂ. ಗೆರೆ ತಪ್ಪಿದರೆ ಸ್ಟೀರಿಂಗನ್ನು ತಾನೇ ಮೆಲ್ಲಗೆ ಎಳೆಯುತ್ತದೆ. ಗೆರೆ ಸರಿಯಾಗಿರುವ ಕಡೆ ಚೆನ್ನಾಗಿಯೇ ಇರುತ್ತದೆ. ಸಾತಾರಾದಿಂದ ಕಾಗಲ್ ತನಕ ರಸ್ತೆ ಅಗಲ ಮಾಡುವ ಕೆಲಸ ಎಷ್ಟು ದಿನದಿಂದ ನಡೆಯುತ್ತಿದೆ ಅಂತ ಆ ದಾರಿಯಲ್ಲಿ ಊರಿಗೆ ಹೋಗುವ ಪುಣೆ ಕನ್ನಡಿಗರಿಗೆಲ್ಲ ಗೊತ್ತು. ಹಳೇ ಗೆರೆ ಅಳಿಸಿರುವುದಿಲ್ಲ, ಹೊಸ ಗೆರೆ ಎಳೆದಿರುವುದಿಲ್ಲ, ಡೈವರ್ಶನ್ ಬೇರೆ ಕಡೆ ತಿರುಗಿರುತ್ತದೆ. ಕರಾಡದ ಹತ್ತಿರ ಒಮ್ಮೆ ನಾನು ಡೈವರ್ಶನ್ ಕಡೆ ತಿರುಗಿಸಿದರೆ ಸ್ಟೀರಿಂಗ್ ಹಳೇ ಗೆರೆಯ ಕಡೆ ಎಳೆಯಿತು. ಎಳೆತ ಸಣ್ಣದು, ಕೈ ಗಟ್ಟಿ ಹಿಡಿದರೆ ಬಿಟ್ಟುಕೊಡುತ್ತದೆ. ಆದರೆ ಆ ಕಡೆ ಇದ್ದದ್ದು ಕಾಂಕ್ರೀಟ್ ಗೋಡೆ. ಆವತ್ತೇ ಅದನ್ನು ಆಫ್ ಮಾಡಿದೆ. ಎಕ್ಸ್‌ಪ್ರೆಸ್‌ವೇಗೆ ಹೋದಾಗ ಮಾತ್ರ ಆನ್ ಮಾಡುತ್ತೇನೆ. ಇದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ.

ಮುಂದೆ ಅಡ್ಡ ಬಂದರೆ ತಾನೇ ಬ್ರೇಕ್ ಹಾಕುವುದರ ಬಗ್ಗೆ ಮಾತ್ರ ನಾನು ಬಹಳ ದಿನ ಹೊಯ್ದಾಡಿದೆ. ಕರ್ವೆ ರೋಡಿನಲ್ಲಿ ನಳ ಸ್ಟಾಪ್ ಹತ್ತಿರ ಒಂದು ಸ್ಕೂಟಿ ಎಡಗಡೆಯಿಂದ ನುಸುಳಿತು. ಪುಣೆಯಲ್ಲಿ ಇದು ನಿಮಿಷಕ್ಕೊಂದು. ನಾನು ನೋಡಿದ್ದೆ, ವೇಗ ತಗ್ಗಿಸಿದ್ದೆ. ಕಾರು ನನ್ನನ್ನು ನಂಬಲಿಲ್ಲ. ಧಡ್ ಅಂತ ನಿಂತಿತು. ಹಿಂದಿನ ರಿಕ್ಷಾದವರು ಹೇಗೋ ತಪ್ಪಿಸಿ, ಪಕ್ಕಕ್ಕೆ ಬಂದು, ಬಾಯಿಗೆ ಬಂದಂತೆ ಬೈದರು. ಅವರ ಸಿಟ್ಟು ನ್ಯಾಯವಾದದ್ದೇ. ಅಂತರ ಬಿಡಲು ಜಾಗವೇ ಇಲ್ಲದ ಊರಿನಲ್ಲಿ ಕಾರಣವಿಲ್ಲದೆ ನಿಲ್ಲುವುದೂ ಒಂದು ಅಪಾಯ. ಆಫ್ ಮಾಡೋಣ ಅಂತ ಸೆಟ್ಟಿಂಗ್ ತೆರೆದು ಕೂತಿದ್ದೆ.

ಮಾಡಲಿಲ್ಲ. ಯಾಕೆಂದರೆ ಜನವರಿಯ ಒಂದು ರಾತ್ರಿ ನೆನಪಾಯಿತು. ಕಾಗಲ್ ಸುತ್ತಮುತ್ತ ಕಬ್ಬಿನ ಸುಗ್ಗಿ. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಕಾರ್ಖಾನೆಗೆ ಸಾಲಾಗಿ ಹೋಗುತ್ತಿರುತ್ತವೆ. ಹಿಂದೆ ದೀಪವಿಲ್ಲ, ಮಿಂಚುವ ಪಟ್ಟಿ ಇಲ್ಲ. ಇದ್ದರೂ ಜೋತುಬಿದ್ದ ಕಬ್ಬಿನಡಿ ಮುಚ್ಚಿರುತ್ತದೆ. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದು ಎರಡು ಕ್ಷಣ ನನಗೆ ಏನೂ ಕಾಣಲಿಲ್ಲ. ಆ ಎರಡು ಕ್ಷಣದಲ್ಲೇ ಕಾರು ಕೂಗಿತು, ಪರದೆಯ ಮೇಲೆ ಕೆಂಪು ಬಂತು. ನಾನು ಬ್ರೇಕ್ ಒತ್ತಿದ ಮೇಲೆ ಕಬ್ಬು ಕಂಡಿತು. ನನ್ನ ಕಣ್ಣಿಗಿಂತ ಮೊದಲು ರಡಾರಿಗೆ ಕಂಡಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ ನಿದ್ದೆ ಮಾಡುತ್ತಿದ್ದರು. ಅವರಿಗೆ ಎಚ್ಚರ ಕೂಡ ಆಗಲಿಲ್ಲ. ಈಗ ಅದರ ಎಚ್ಚರಿಕೆಯನ್ನು 'ತಡವಾಗಿ' ಎಂಬ ಮಟ್ಟಕ್ಕೆ ಇಟ್ಟಿದ್ದೇನೆ. ಊರೊಳಗೆ ರಗಳೆ ಕಡಿಮೆಯಾಗಿದೆ. ಜೋರು ಮಳೆಯಲ್ಲಿ ಕ್ಯಾಮೆರಾಕ್ಕೆ ಕಾಣುತ್ತಿಲ್ಲ ಎಂದು ಅದು ತಾನೇ ಕೈ ಚೆಲ್ಲುತ್ತದೆ ಎಂಬುದನ್ನೂ ನೆನಪಿಟ್ಟುಕೊಂಡಿದ್ದೇನೆ. ಘಾಟಿನ ಮಳೆಯಲ್ಲಿ ನನ್ನ ಕಣ್ಣೇ ಗತಿ.

ಇಷ್ಟೆಲ್ಲ ಆದಮೇಲೆ ನನಗೊಂದು ವಿಷಯ ಸ್ಪಷ್ಟವಾಯಿತು. ಬೆಲ್ಟಿನ ಸದ್ದನ್ನು ಮಿಕ್ಕ ಸದ್ದುಗಳ ಜೊತೆ ಸೇರಿಸಬಾರದು. ಎಬಿಎಸ್ ನನ್ನನ್ನು ಕೇಳದೆ ಕೆಲಸ ಮಾಡುತ್ತದೆ. ರಡಾರ್ ನಾನು ಮೈಮರೆತರೂ ನೋಡುತ್ತದೆ. ಬೆಲ್ಟ್ ಮಾತ್ರ ನನ್ನ ಕೈಯಿಂದಲೇ ಆಗಬೇಕು. ಕಾರು ಅದನ್ನು ಹಾಕಲಾರದು, ಕೇಳಿಕೊಳ್ಳಬಹುದು ಅಷ್ಟೇ. ಹಾಗಾಗಿ ಅದಕ್ಕೆ ಹಟ ಮಾಡುವ ಹಕ್ಕಿದೆ. ಅದರ ಮಾತು ಕೇಳಿಸಬೇಕಾದರೆ ಸುತ್ತಲಿನ ಗದ್ದಲ ಕಡಿಮೆಯಾಗಬೇಕು. ಗೆರೆ ದಾಟಿದ್ದಕ್ಕೂ, 80 ಆದದ್ದಕ್ಕೂ, ಬೆಲ್ಟ್ ಇಲ್ಲದ್ದಕ್ಕೂ ಹೆಚ್ಚುಕಡಿಮೆ ಒಂದೇ ಥರದ ಟಿಂಗ್ ಟಿಂಗ್ ಇಟ್ಟವರ ಮೇಲೆ ನನಗೆ ಬೇಜಾರಿದೆ. ಪಕ್ಕದಲ್ಲಿ ಬೈಕ್ ಇದೆ ಎಂದು ಕನ್ನಡಿಯ ಮೂಲೆಯಲ್ಲಿ ಹೊತ್ತುವ ಸಣ್ಣ ಹಳದಿ ದೀಪ ನೋಡಿ. ನಾನು ನೋಡುವ ಜಾಗದಲ್ಲೇ ಇದೆ, ಬೇಕಾದಾಗ ಕಾಣುತ್ತದೆ, ಕಿವಿಗೆ ಬರುವುದಿಲ್ಲ. ಗೆರೆಯ ವಿಷಯವನ್ನೂ ಹಾಗೆ ಹೇಳಬಹುದಲ್ಲ?

ಹಿಂದಿನ ಸೀಟು

2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಹತ್ತಿರ ಸೂರ್ಯಾ ನದಿಯ ಸೇತುವೆಯ ಮೇಲೆ ನಡೆದ ಅಪಘಾತದಲ್ಲಿ ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ತೀರಿಕೊಂಡರು. ಅವರು ಕೂತದ್ದು ಹಿಂದಿನ ಸೀಟಿನಲ್ಲಿ, ಬೆಲ್ಟ್ ಹಾಕಿರಲಿಲ್ಲ. ಬಹಳ ಒಳ್ಳೆಯ ಕಾರು ಅದು. ಆ ವಾರ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಎಲ್ಲರೂ ಹಿಂದಿನ ಸೀಟಿನ ಬಕಲ್ ಹುಡುಕುತ್ತಿದ್ದರು. ಅದೇ ನವೆಂಬರ್ 1ರಿಂದ ಮುಂಬೈ ಪೊಲೀಸರು ಕಾರಿನಲ್ಲಿ ಕೂತ ಎಲ್ಲರಿಗೂ ಬೆಲ್ಟ್ ಬೇಕು ಎಂದರು. ಹಿಂದಿನವರೂ ಹಾಕಬೇಕೆಂಬ ನಿಯಮ ಮೊದಲಿಂದಲೂ ಇತ್ತು, ಕೇಳುವವರು ಇರಲಿಲ್ಲ. 2023ರ ಮೇ ತಿಂಗಳಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಅಂಗಡಿಗಳಿಗೆ ಆ ಕ್ಲಿಪ್ ಮಾರಬೇಡಿ ಎಂದು ಆದೇಶ ಕೊಟ್ಟಿತು. ಆ ಅಂಗಡಿಗಳಿಂದ ಕ್ಲಿಪ್ಪಿನ 13,118 ಮಾರಾಟದ ಪಟ್ಟಿಗಳನ್ನು ತೆಗೆಸಿದರು. ಆ ಸಂಖ್ಯೆ ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. 1959ರಲ್ಲಿ ವೋಲ್ವೋದ ನಿಲ್ಸ್ ಬೋಲಿನ್ ಎಂಬ ಇಂಜಿನಿಯರ್ ಈಗಿನ ಮೂರು ಕಡೆ ಹಿಡಿಯುವ ಬೆಲ್ಟ್ ಮಾಡಿದಾಗ, ಎಲ್ಲ ಕಂಪನಿಗಳೂ ಬಳಸಿಕೊಳ್ಳಲಿ ಎಂದು ಅದರ ಪೇಟೆಂಟನ್ನು ತೆರೆದಿಟ್ಟಿದ್ದರು. ಅದನ್ನು ಹಾಕದೇ ಇರಲು ಇಷ್ಟೊಂದು ಅಂಗಡಿ.

ಅಮ್ಮನನ್ನು ಒಪ್ಪಿಸುವುದು ಸುಲಭವಿರಲಿಲ್ಲ. "ನಾ ಹಿಂದ ಕುಂತೇನಿ, ನನಗ್ಯಾಕ ಪಟ್ಟಾ?" ಅನ್ನುತ್ತಿದ್ದರು. ಸೀರೆ ಮುದುಡುತ್ತದೆ, ಕುತ್ತಿಗೆಗೆ ಒತ್ತುತ್ತದೆ. ಕುತ್ತಿಗೆಗೆ ಒತ್ತುವುದು ನಿಜ. ಗಿಡ್ಡಗಿರುವವರಿಗೆ ಹಿಂದಿನ ಬೆಲ್ಟ್ ಎತ್ತರವಾಗುತ್ತದೆ. ಕೆಳಗೊಂದು ಗಟ್ಟಿ ದಿಂಬು ಇಟ್ಟು ನೋಡಿದೆ. ಜಾರುತ್ತದೆ ಅನ್ನಿಸಿ ತೆಗೆದೆ. ಬೆಲ್ಟ್ ಭುಜದ ನಡುವೆ ಬರುವ ಹಾಗೆ ಕಿಟಕಿಯಿಂದ ಸ್ವಲ್ಪ ಒಳಗೆ ಸರಿದು ಕೂರಿಸಿದೆ. ಅಮ್ಮನಿಗೆ ಕೊನೆಗೆ ನಾಟಿದ್ದು ಒಂದೇ ಮಾತು. "ಅವ್ವಾ, ಬ್ರೇಕ್ ಬಿದ್ರ ನೀ ಬಂದು ಅಪ್ಪನ ಬೆನ್ನಿಗೆ ಬಡೀತಿ" ಅಂದೆ. ತನಗೆ ಪೆಟ್ಟಾಗುತ್ತದೆ ಅಂದಾಗ ಕೇಳದವರು ಅಪ್ಪನಿಗೆ ಆಗುತ್ತದೆ ಅಂದಾಗ ಕೇಳಿದರು.

ಆದರೂ ಒಂದು ಬೆಲ್ಟ್ ಬಾಕಿ ಇತ್ತು. ಈ ಸಲ ತಂಗಿಯ ಮಗನೂ ನಮ್ಮ ಜೊತೆ ಊರಿಗೆ ಬರುತ್ತಾನೆ. ಹಿಂದೆ ಮೂರು ಜನ. ನಡುವಿನ ಬಕಲ್ ಹುಡುಕಿದರೆ ಇಲ್ಲವೇ ಇಲ್ಲ. ಸೀಟ್ ಕವರ್ ಹಾಕಿದವರು ಅದನ್ನು ಕೆಳಗೆ ತುರುಕಿ ಮೇಲೆ ಹೊಲಿಗೆ ಹಾಕಿದ್ದರು. ಮುಂದಿನ ಸೀಟಿನ ಪಕ್ಕ, ಸೈಡ್ ಏರ್‌ಬ್ಯಾಗ್ ಒಡೆದು ಬರಬೇಕಾದ ಜಾಗದ ಮೇಲೂ ದಪ್ಪ ರೆಕ್ಸಿನ್ ಬಂದಿತ್ತು. ಮೊನ್ನೆ ಶನಿವಾರ ವಾರ್ಜೆಯ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ಮುಂದಿನ ಎರಡೂ ಕವರ್ ಪೂರ್ತಿ ತೆಗೆಸಿದೆ. ಹಿಂದಿನದನ್ನು ಹುಡುಗ ಬ್ಲೇಡಿನಿಂದ ಒಂದು ಗೇಣು ಸೀಳಿ, ಕೈ ಹಾಕಿ, ಬಕಲ್ ಹೊರಗೆ ಎಳೆದ. ಕಂಪನಿಯಲ್ಲಿ ಸುತ್ತಿದ ಪ್ಲಾಸ್ಟಿಕ್ ಇನ್ನೂ ಅದರ ಮೇಲೆ ಹಾಗೇ ಇತ್ತು.